ದಪ್ಪಕ್ಷರದ ಹೆಸರು

ಗಾಜಿನ ಬಾಗಿಲಾಚೆ ಕಪ್ಪು ಶಾಲು, ಅತ್ತಿಗೆ ವೆಲಿಕಾ, ಬರಲಿ, ಇಡೀ ಬಲ್ಗೇರಿಯಾದಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ, ಇಮೇಲ್ ತೆರೆಯುವುದೇ ಬೇಡ, ಕಳಿಸಿದವನ ಹೆಸರು ಪರದೆಯಲ್ಲಿ ಕಂಡರೆ ಸಾಕು, ಬೆಳಿಗ್ಗೆ ಏನು ತಿಂದ, ಅವನ ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲ ಹೇಳಿಬಿಡುತ್ತೇನೆ, ಆ ಕೆಳಗಿನ ದಪ್ಪಕ್ಷರದ ಸಾಲೊಂದು ಬಿಟ್ಟು, ಅದು ಬೇಡ — ಪ್ಲೋವ್ದಿವ್ ಊರಿನ ಜನ ನನ್ನ ಅಚ್ಚಿನ ಮನೆಯ ಅಪ್ಪಣೆ ಕೇಳಿಯೇ ಸಾಯುತ್ತಾರೆ, ಸತ್ತವರ ಮನೆಬಾಗಿಲಿಗೆ ಅಂಟಿಸುವ ಶೋಕಪತ್ರವೆಲ್ಲ ನನ್ನದೇ ಅಚ್ಚು, ಅಣ್ಣ ಸ್ತಾಮೆನ್‌ನದೂ, ಕೆಳಗೆ ದುಃಖತಪ್ತರು, ಹೆಂಡತಿ, ಮಗಳು, ಅಳಿಯ, ಅಳಿಯನ ತಾಯಿ ಕೂಡ, ಅಕ್ಷರ ಜೋಡಿಸಿದ ತಮ್ಮನ ಹೆಸರು ಮಾತ್ರ ಇಲ್ಲ, ನಾಡಿದ್ದಿಗೆ ಅವನು ಸತ್ತು ನಲವತ್ತನೆಯ ದಿನ, ಎರಡನೆಯ ಶೋಕಪತ್ರ, ಈ ಸಲ ನನ್ನ ಹೆಸರು ಹಾಕಿಸದೆ ಬಿಡುವವನಲ್ಲ. ಕೂತ್ಕೊಳ್ಳಿ ಅತ್ತಿಗೆ, ಕಾಫಿ? ಬೇಡಪ್ಪ, ಫೋಟೋ ಅದೇ ಇರ್ಲಿ, ಹೆಸರೂ ಅವೇ ಇರ್ಲಿ. ಅವೇ ಅಂದರೆ ನಾನಿಲ್ಲ — ಆರು ವರ್ಷದ ಹಿಂದೆ ಅಣ್ಣನ ಐವತ್ತನೆಯ ಹುಟ್ಟುಹಬ್ಬ, ತಮಾಷೆಗೆಂದು ಅವನದೇ ಶೋಕಪತ್ರ ಮಾಡಿ ಅವನ ಬಾಗಿಲಿಗೆ ಅಂಟಿಸಿದೆ, ಎಂಥ ಕಪ್ಪು ಅಂಚು, ಬೀದಿಯೇ ಬಿದ್ದು ಬಿದ್ದು ನಗುತ್ತದೆ ಎಂದುಕೊಂಡೆ, ಮೊದಲು ಬಂದವಳು ಅಮ್ಮ, ಕೈಯಲ್ಲಿ ಹಬ್ಬಕ್ಕೆ ಮಾಡಿದ ಚೀಸ್‌ರೊಟ್ಟಿ, ಬಿಸಿ ಬಾನಿತ್ಸಾದ ತಟ್ಟೆ, ಓದಿದಳು, ಮೆಟ್ಟಿಲಲ್ಲೇ ಕುಸಿದಳು, ಮತ್ತೆ ಏಳಲಿಲ್ಲ — ಅದು ಈಗ ಬೇಡ, ದಪ್ಪಕ್ಷರವೂ ಬೇಡ, ಮೇಲಿನ ಸಾಲು ತೋರಿಸಿದರೆ ಸಾಕು, ಪರದೆ ಅವಳತ್ತ ತಿರುಗಿಸಿದೆ, ನೋಡಿ ಅತ್ತಿಗೆ, ಸಾಯೋ ಮುಂಚೆ ಅಣ್ಣ ನಂಗೆ ಬರ್ದಿದ್ದ, ಕಳಿಸಿದವನ ಜಾಗದಲ್ಲಿ ಸ್ತಾಮೆನ್, ಪಕ್ಕದಲ್ಲಿ ಕ್ಷಮಿಸಿದ್ದೇನೆ ತಮ್ಮಾ. ಅವಳು ಕನ್ನಡಕ ಹಾಕಿಕೊಂಡಳು, ಮೂವತ್ತು ವರ್ಷ ಅಂಚೆ ವಿಂಗಡಿಸಿದವಳು, ಹೆಸರನ್ನು ನಂಬುವವಳಲ್ಲ, ವಿಳಾಸ ನೋಡುವವಳು, ಆ ಹೆಸರಿನ ಮೇಲೆ ಒತ್ತಿಯೇಬಿಟ್ಟಳು, ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು, ನಾನೂ ಬರೆದುಕೊಂಡಿದ್ದೆ, ವಿಳಾಸ ಅದರಡಿಯಿಂದ ಇಣುಕಿತು, ನನ್ನದೇ ವಿಳಾಸ. ಥೂ ಲ್ಯುಬೆನ್, ಸತ್ತವರ ಹೆಸರು ಹಾಕ್ಕೊಂಡು ನಿಂಗೆ ನೀನೇ ಬರ್ಕೊಂಡ್ಯೇನೋ, ಒಬ್ಬ ಮನುಷ್ಯನ ಹೆಸರಲ್ಲಿ ಎಷ್ಟು ಸಲ ಸುಳ್ಳು ಕಾಗದ ಮಾಡ್ತೀಯೋ? ದನಿ ಏರಿಸಲಿಲ್ಲ, ಏರಿಸಿದ್ದರೆ ವಾಸಿಯಿತ್ತು, ಅವಳ ಬೆರಳು ಪರದೆಯಲ್ಲಿ ಕೆಳಗಿಳಿಯುತ್ತಿದೆ, ಬೇಡ ಅತ್ತಿಗೆ, ನಿಂತಿತು, ವೆಲಿಕಾ, ದಪ್ಪಕ್ಷರದಲ್ಲಿ, ತೆರೆಯದ ಇಮೇಲ್ ಮಾತ್ರ ಹೀಗೆ ಕಪ್ಪಗೆ ಉಬ್ಬಿರುತ್ತದೆ. ಇದನ್ನ ನೀನು ಓದೇ ಇಲ್ವಾ? ಆಸ್ಪತ್ರೇಲಿ ನಿಮ್ಮಣ್ಣನ ಫೋನು ಕೆಟ್ಟಿತ್ತು ಕಣೋ, ನನ್ನದ್ರಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತು ಬರೆದ್ರು, ನನ್ನ ಇಮೇಲಿಂದ್ಲೇ ಕಳಿಸಿದ್ರು, ಅಣ್ತಮ್ಮಂದಿರ ಮಾತು ಅಂತ ನಾನು ಓದ್ಲಿಲ್ಲ, ಆಮೇಲೆ ದಿನಾ ಬಾಗಿಲ ಕಡೇನೇ ನೋಡೋರು, ಓದಿಯೂ ನೀನು ಬರ್ಲಿಲ್ಲ ಅಂತಾನೇ ನಾನು ನಿನ್ನ ಹೆಸರು ಬಿಟ್ಟಿದ್ದು. ಹೇಳಿಬಿಡಬೇಕು, ನಿಜ ಹೇಳಿಬಿಡುತ್ತೇನೆ, ಹೆಸರು ನೋಡಿ ನನಗೆ ಏನೂ ಗೊತ್ತಾಗುವುದಿಲ್ಲ, ಯಾರದೂ ಗೊತ್ತಾಗಿಲ್ಲ ಯಾವತ್ತೂ, ನಿಮ್ಮ ಹೆಸರು ಕಂಡಿತು, ಅಮ್ಮನ ವಿಷಯಕ್ಕೆ ಬೈದು ಬರೆದಿದ್ದೀರಿ ಎಂದು ಹೆದರಿದೆ, ಅಳಿಸಲೂ ಹೆದರಿದೆ, ದಿನಾ ನೋಡಿದೆ, ಅಣ್ಣ ಬದುಕಿದ್ದ ದಿನಗಳಲ್ಲೂ ನೋಡಿದೆ. ತೆರಿ, ಎಂದಳು. ತೆರೆದರೆ ಆ ಅಕ್ಷರ ತೆಳ್ಳಗಾಗಿಬಿಡುತ್ತದೆ, ಉಳಿದ ಸಾಲುಗಳ ಹಾಗೆ, ಅಣ್ಣ ಹೇಳುವುದು ಅಲ್ಲಿಗೆ ಮುಗಿಯುತ್ತದೆ, ಕೈ ಏಳುತ್ತಿಲ್ಲ, ವೆಲಿಕಾ, ದಪ್ಪಕ್ಷರ, ಕಪ್ಪಗೆ, ವೆಲಿಕಾ —