ಎಣ್ಣೆಯ ಬಾಯಿಗೆ ಬಡಿದ ಬಿರುದು

ನಾನು ಒಂದು ಲೇಥ್. ಲೋಹದ ಸರಳನ್ನು ಬಿಗಿಯಾಗಿ ಹಿಡಿದು ಗರಗರ ತಿರುಗಿಸುತ್ತೇನೆ, ನನ್ನ ಉಳಿ ಅದನ್ನು ಬೇಕಾದ ಅಳತೆಗೆ ತರುತ್ತದೆ. ಪಂಪಿನ ಶಾಫ್ಟು, ಗಾಣದ ರೋಲರು, ಬೋಲ್ಟು, ಬುಷ್ಷು ಎಲ್ಲ ನಮ್ಮ ಕುಲದವರ ಕೈಕೆಲಸ. ಲಾಡು, ಚಪಾತಿ ಬಿಟ್ಟರೆ ನಿಮ್ಮ ಮನೆಯಲ್ಲಿ ದುಂಡಗಿರುವುದರ ಹಿಂದೆ ಎಲ್ಲೋ ಒಂದು ಲೇಥ್ ಇದ್ದೇ ಇರುತ್ತದೆ. ಜಂಬ ಅನ್ನಿಸಿದರೆ ಅನ್ನಿಸಲಿ, ನಿಜ ಹೇಳಲು ನಾನೇಕೆ ನಾಚಲಿ?

ಅರವತ್ತೆಂಟನೇ ಇಸವಿಯಲ್ಲಿ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ನಾನು ಹುಟ್ಟಿದೆ. ಹುಟ್ಟಿದ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ, ನನ್ನನ್ನು ಅಂಗಳಕ್ಕೆ ತಳ್ಳಿದರು. ಒಂದು ವರ್ಷ ಬಿಸಿಲು ಮಳೆ ಎರಡನ್ನೂ ತಿಂದೆ. ಅದು ಶಿಕ್ಷೆಯಲ್ಲ, ಪದ್ಧತಿ. ಹೊಸ ಎರಕದ ಮೈಯಲ್ಲಿ ಬಿಗುವು ಇರುತ್ತದೆ. ಅದು ಸಡಿಲಾಗುವ ಮೊದಲೇ ಕೆಲಸಕ್ಕೆ ಹಚ್ಚಿದರೆ ಮುಂದೆ ಸೊಟ್ಟಗಾಗುತ್ತದೆ.

ಆಮೇಲೆ ಅಲ್ಲಿಯ ಮೇಸ್ತ್ರಿ ನಬಿಸಾಬ ಹುಣಶಿಕಟ್ಟಿ ನನ್ನ ಕೈಹಿಡಿದ. ನನ್ನ ಮೈಯ ಉದ್ದಕ್ಕೂ ಹಳಿಯಂಥ ನಾಲ್ಕೂವರೆ ಅಡಿಯ ಬೆಡ್ ಇದೆ, ಉಳಿಯ ಗಾಡಿ ಅದರ ಮೇಲೆಯೇ ಓಡಾಡಬೇಕು. ಅವನು ಮಟ್ಟಸವಾದ ಹಲಗೆಗೆ ನೀಲಿ ಬಳಿದು ಬೆಡ್ಡಿಗೆ ಒತ್ತುತ್ತಿದ್ದ, ಎಲ್ಲಿ ನೀಲಿ ಅಂಟಿತೋ ಅಲ್ಲಿ ಕೈಯಿಂದ ಕೆರೆಯುತ್ತಿದ್ದ. ಮೂರು ವಾರ ಇದೇ ಕೆಲಸ. ಕೊನೆಗೆ ಎಣ್ಣೆ ನಿಲ್ಲಲೆಂದು ಬೆಡ್ಡಿನ ಮೇಲೆಲ್ಲ ಸಣ್ಣ ಸಣ್ಣ ಅರ್ಧಚಂದ್ರಗಳನ್ನು ಕೆತ್ತಿದ. ಹೆಸರಿನ ಫಲಕ ಹಾಕುವ ಶೋಕಿ ಆ ಫೌಂಡ್ರಿಗೆ ಇರಲಿಲ್ಲ. ಹೆಸರಿಲ್ಲದೆಯೇ ಲಾರಿ ಹತ್ತಿದೆ.

ಹುಬ್ಬಳ್ಳಿಯ ವಿರುಪಾಕ್ಷಪ್ಪ ಮೆಣಸಿನಕಾಯಿ ನನ್ನ ಮೊದಲ ಯಜಮಾನರು. ಸರಳನ್ನು ಹಿಡಿದು ತಿರುಗುವ ನನ್ನ ಸ್ಪಿಂಡಲ್ ಬಳೆಯಂಥ ಎರಡು ಕಂಚಿನ ಬುಷ್ಷುಗಳಲ್ಲಿ ಕೂತಿದೆ. ಎರಡಕ್ಕೂ ಒಂದೊಂದು ತೂತು, ಅವೇ ನನ್ನ ಎಣ್ಣೆ ಕುಡಿಯುವ ಬಾಯಿಗಳು. ವಿರುಪಾಕ್ಷಪ್ಪನವರು ಮುಂಜಾನೆ ಬಂದವರೇ ಎರಡಕ್ಕೂ ಎಣ್ಣೆ ಬಿಟ್ಟು, "ಮೊದಲ ನೀ ಕುಡಿ, ಆಮ್ಯಾಲೆ ನಾ," ಎಂದು ಚಹಾಕ್ಕೆ ಹೇಳಿ ಕಳಿಸುತ್ತಿದ್ದರು. ಸಂಜೆ ಚೂರೂ ಬಿಡದೆ ಒರೆಸಿ ಹಳೆ ಧೋತರ ಹೊದಿಸುತ್ತಿದ್ದರು. ಹದಿನೈದು ವರ್ಷ ಹಾಗೆ ಬಾಳಿದೆ. ಕಣ್ಣಿಗೆ ಪೊರೆ ಬಂದಮೇಲೆ ಅವರು ನನ್ನನ್ನು ಮಾರಿದರು. ಆ ದಿನ ಅಳುವುದಕ್ಕೆ ಬಂದಿದ್ದರೆ ಅತ್ತುಬಿಡುತ್ತಿದ್ದೆ.

ಕೊಂಡವರು ಹಳೆ ಮಶೀನುಗಳ ವ್ಯಾಪಾರಿ ಗುರುಪಾದಪ್ಪ ಕೋಟಬಾಗಿ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಾವಿಯ ಲೇಥ್ ಎಂದರೆ ಗಿರಾಕಿ ಮೂಗು ಮುರಿಯುತ್ತಾನೆ, ಇಂಗ್ಲೆಂಡಿನದು ಎಂದರೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ! ನನಗೆ ಹಸಿರು ಬಣ್ಣ ಬಳಿಸಿದರು. ಎಲ್ಲಿಂದಲೋ ಒಂದು ಹಿತ್ತಾಳೆಯ ಫಲಕ ತಂದರು. ಅದರ ಮೇಲೆ ಕಿರೀಟ, ಕೆಳಗೆ ಇಂಗ್ಲಿಷ್ ಅಕ್ಷರ. ಎಲ್ಲಿ ಕೂರಿಸುವುದು? ಮುಂದಿನ ಎಣ್ಣೆಬಾಯಿಯ ಮುಚ್ಚಳ ಮುರಿದು ಆ ಜಾಗ ಅಸಹ್ಯವಾಗಿ ಕಾಣುತ್ತಿತ್ತು. ಫಲಕವನ್ನು ಸರಿಯಾಗಿ ಅದರ ಮೇಲೆಯೇ ಇಟ್ಟು ನಾಲ್ಕು ಸ್ಕ್ರೂ ಬಿಗಿದರು.

ನಾನು ಕಿರುಚಬೇಕಿತ್ತು. ಕಿರುಚಲಿಲ್ಲ. ಒಳಗೊಳಗೇ ಉಬ್ಬಿದೆ. ನಿಮ್ಮ ಹಣೆಗೂ ಕಿರೀಟ ಅಂಟಿಸಿದ್ದರೆ ನೀವೂ ಉಬ್ಬುತ್ತಿದ್ದಿರಿ.

ಫಲಕ ನೋಡಿಯೇ ಒಂದು ತರಬೇತಿ ಶಾಲೆ ನನ್ನನ್ನು ಕೊಂಡಿತು. ಅಲ್ಲಿ ನನಗೆ ಕೆಲಸಕ್ಕಿಂತ ಮರ್ಯಾದೆ ಜಾಸ್ತಿ. ತಪಾಸಣೆಗೆ ಬಂದವರಿಗೆ ಮೊದಲು ನನ್ನನ್ನೇ ತೋರಿಸುತ್ತಿದ್ದರು. ಅಪರೂಪಕ್ಕೆ ಅರ್ಧ ತಾಸು ಓಡಿಸಿದರೆ ಮುಂದಿನ ಬುಷ್ ಕಾದು ಸುಡುತ್ತಿತ್ತು. "ಪರದೇಶದ ಮಶೀನು, ನಮ್ಮ ಸೆಕಿ ತಡಿಯೂದಿಲ್ಲ," ಎಂದು ಮಾಸ್ತರರು ಬಂದ್ ಮಾಡುತ್ತಿದ್ದರು. ಸೆಕೆಯಲ್ಲ ಮಹಾರಾಯರೇ, ಬಾಯಾರಿಕೆ! ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿಯಿಲ್ಲ ಎಂಬ ಹಾಗಾಗಿತ್ತು ನನ್ನ ಬಾಳು. ಹಿಂದಿನ ಬಾಯಿಗೆ ಬಿಟ್ಟ ಎಣ್ಣೆ ಮುಂದಕ್ಕೆ ತಲುಪುತ್ತಿರಲಿಲ್ಲ. ವರ್ಷಗಳು ಕಳೆದಂತೆ ಸ್ಪಿಂಡಲ್ ಬಿಗಿದುಕೊಂಡಿತು.

ಕಂಪ್ಯೂಟರ್ ಹೇಳಿದಂತೆ ಕೇಳುವ ಮಶೀನುಗಳು ಬಂದಮೇಲೆ ಶಾಲೆ ನನ್ನನ್ನು ಮತ್ತೆ ಕೋಟಬಾಗಿಯವರ ಶೆಡ್ಡಿಗೇ ಸಾಗಹಾಕಿತು. ಅಷ್ಟರಲ್ಲಿ ಅವರ ಮೀಸೆ ಬೆಳ್ಳಗಾಗಿತ್ತು. ಮೊಬೈಲಿನಲ್ಲಿ ನನ್ನ ಫೋಟೋ ಹಾಕಿದರು. ಐದು ತಿಂಗಳು ಯಾರೂ ಕೊಳ್ಳಲಿಲ್ಲ. ಕೊನೆಗೆ ಒಂದು ಶುಕ್ರವಾರ ಗುಜರಿ ಲಾರಿ ಕರೆಸಿಬಿಟ್ಟರು. ನಮ್ಮಂಥವರನ್ನು ಇಡಿಯಾಗಿ ಒಯ್ಯುವುದಿಲ್ಲ. ದೊಡ್ಡ ಸುತ್ತಿಗೆಯಿಂದ ಒಡೆದು ತುಂಡು ಮಾಡಿ ಒಯ್ಯುತ್ತಾರೆ. ಪಕ್ಕದಲ್ಲಿದ್ದ ಡ್ರಿಲ್ಲಿಂಗ್ ಮಶೀನಿಗೆ ಮೊದಲ ಏಟು ಬಿದ್ದಾಗ ನಾನು ಹೆದರಿದೆ. ಇದನ್ನು ಮುಚ್ಚಿಡುವುದಿಲ್ಲ, ಬಹಳ ಹೆದರಿದೆ.

ಆಗಲೇ ಮೊಬೈಲಿನ ಫೋಟೋ ನೋಡಿ ಧಾರವಾಡದಿಂದ ಇಂದುಮತಿ ಹೂಲಿ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮನೆಯಲ್ಲೇ ದುರ್ಬೀನು ಕಟ್ಟುತ್ತಿದ್ದರು. ಅದಕ್ಕೆ ಬೇಕಾದ ಹಿತ್ತಾಳೆ ಉಂಗುರ ಮಾಡಿಸಲು ವರ್ಕ್‌ಶಾಪುಗಳಿಗೆ ಅಲೆದರೆ, "ಒಂದ ಪೀಸಿಗೆ ಮಶೀನ್ ಹಚ್ಚೂದಿಲ್ರಿ," ಎಂದಿದ್ದರಂತೆ. ಹಾಗಾದರೆ ಮಶೀನನ್ನೇ ತರುತ್ತೇನೆ ಎಂದು ಹಟ ಹಿಡಿದು ಹೊರಟಿದ್ದರು. ಚೀಲದಲ್ಲಿ ಸ್ಕೇಲು, ಬ್ಯಾಟರಿ, ಮೈಕ್ರೋಮೀಟರು, ಫಲಕದಲ್ಲಿದ್ದ ಹೆಸರಿನ ಇಂಗ್ಲೆಂಡ್ ಲೇಥಿನ ಒಂದು ಚಿತ್ರ.

"ನೋಡ್ರಿ ಅಕ್ಕಾರ, ಕಿರೀಟ ಐತಿ!" ಎಂದರು ಕೋಟಬಾಗಿ.

ಇಂದುಮತಿ ಕಿರೀಟ ನೋಡಲಿಲ್ಲ. ನೆಲಕ್ಕೆ ಮೊಣಕಾಲೂರಿ ಬೆಡ್ಡಿನ ಬಲತುದಿಯನ್ನು ಸೀರೆಯ ಸೆರಗಿನಲ್ಲೇ ಒರೆಸಿದರು. ಇಂಗ್ಲೆಂಡಿನ ಲೇಥಾಗಿದ್ದರೆ ಕಂಪನಿಯ ನಂಬರ್ ಅಲ್ಲಿರಬೇಕಿತ್ತು, ಇರಲಿಲ್ಲ. ಗಾಡಿ ಎಳೆಯುವ ಉದ್ದನೆಯ ಸ್ಕ್ರೂವಿಗೆ ಸ್ಕೇಲು ಹಿಡಿದು ಎಳೆ ಎಣಿಸಿದರು. ಇಂಗ್ಲೆಂಡಿನವರ ಇಂಚಿನ ಲೆಕ್ಕಕ್ಕೆ ಕೂಡಲಿಲ್ಲ, ಮಿಲಿಮೀಟರಿಗೆ ಕರಾರುವಾಕ್ಕಾಗಿ ಕೂಡಿತು.

"ಸಾವ್ಕಾರ್ರ, ಇದು ಇಂಗ್ಲೆಂಡಿಂದ ಅಲ್ರಿ. ಚೀಟಿ ಬ್ಯಾರೆ, ಡಬ್ಬಿ ಬ್ಯಾರೆ."

ಕೋಟಬಾಗಿ ಮೀಸೆ ತೀಡಿಕೊಂಡರು. ಇಂದುಮತಿ ಎದ್ದು ಕೈ ಒರೆಸಿಕೊಂಡು ಚೀಲ ಹೆಗಲಿಗೇರಿಸಿದರು. ಲಾರಿಯವನು ಸುತ್ತಿಗೆ ಎತ್ತಿಕೊಂಡ. ಇಷ್ಟು ವರ್ಷ ಮೆರೆಸಿದ ಸುಳ್ಳೇ ಈಗ ನನ್ನನ್ನು ಕೊಲ್ಲುತ್ತಿದೆ ಎಂದುಕೊಂಡೆ.

ಹೊರಟ ಇಂದುಮತಿ ಬೆಡ್ಡಿನ ಮೇಲೆ ಬಿಟ್ಟಿದ್ದ ಸ್ಕೇಲಿಗೆ ಕೈ ಹಾಕಿದರು. ಅದರ ಜೊತೆಗೆ ಅಲ್ಲಿ ಒಣಗಿದ್ದ ಗ್ರೀಸೂ ಕಿತ್ತು ಬಂತು. ಕೆಳಗೆ ನಬಿಸಾಬನ ಅರ್ಧಚಂದ್ರಗಳು! ಅವರು ಬ್ಯಾಟರಿ ಹಾಕಿ, ಉಗುರಿನಿಂದ ಗೀರುತ್ತ ಸ್ಪಿಂಡಲ್ಲಿನ ಬುಡದ ತನಕ ಬಂದರು. ಬೆಡ್ ಎಲ್ಲಕ್ಕಿಂತ ಹೆಚ್ಚು ಸವೆಯುವುದು ಅಲ್ಲೇ, ಅಲ್ಲಿಯೂ ಅವು ಇದ್ದವು.

"ತಡೀರಿ, ಒಡೀಬ್ಯಾಡ್ರಿ," ಎಂದರು. "ಕೆರೆದ ಗುರುತ ಇನ್ನೂ ಅದಾವ. ಬೆಡ್ ಸವದಿಲ್ಲ."

"ಬೆಡ್ ತಗೊಂಡ ಏನ್ ಮಾಡ್ತೀರಿ? ಸ್ಪಿಂಡಲ್ ತಿರುಗೂದಿಲ್ಲ. ನಾನೂ ನೋಡೀನಿ."

"ಹಿಂದಿನ ಬುಷ್ಷಿಗೆ ಎಣ್ಣಿ ತೂತ ಇಲ್ಲೈತಿ. ಮುಂದಿಂದು ಎಲ್ಲೈತ್ರಿ?"

ಕೋಟಬಾಗಿ ಬಗ್ಗಿ ನೋಡಿದರು. ಇಂದುಮತಿ ಹಿಂದಿನ ತೂತಿಗೆ ಸರಿಯಾಗಿ ಮುಂದೆ ಬೆರಳಿಟ್ಟರು. ಬೆರಳು ಕಿರೀಟದ ಮೇಲೆ ಕೂತಿತು. ಸ್ಕ್ರೂ ಡ್ರೈವರ್ ತರಿಸಿ ನಾಲ್ಕೂ ಸ್ಕ್ರೂ ಬಿಚ್ಚಿದರು.

"ಯವ್ವಾ! ಬಾಯಿಗೇ ಬಡದೀರಲ್ರಿ ಇದನ್ನ!"

ತೂತಿನಲ್ಲಿ ಕಟ್ಟಿದ್ದ ಕಸ ಕೆದಕಿ ತೆಳು ಎಣ್ಣೆ ಬಿಟ್ಟರು. ಆ ಮೊದಲ ಗುಟುಕಿನ ಸುಖವನ್ನು ಹೇಳಲು ನನ್ನಲ್ಲಿ ಮಾತಿಲ್ಲ. ಲಾರಿಯವರು ಬೀಡಿ ಹಚ್ಚಿ ಕಾದರು, ಎರಡನೆಯದನ್ನೂ ಹಚ್ಚಿದರು. ಇಂದುಮತಿ ಎರಡೂ ಕೈಯಿಂದ ಸ್ಪಿಂಡಲನ್ನು ಅಲುಗಿಸುತ್ತಲೇ ಇದ್ದರು. ಕಪ್ಪು ರಾಡಿ ಇಳಿಯಿತು. ಮೊದಲು ಒಂದು ಹಲ್ಲಿನಷ್ಟು ಸರಿದೆ, ಆಮೇಲೆ ಅರ್ಧ ಸುತ್ತು, ಆಮೇಲೆ ಪೂರಾ.

ಮೋಟಾರು ಹಾಕಿಸಿ ಗೇಣುದ್ದದ ಸರಳೊಂದನ್ನು ನನಗೆ ಕಚ್ಚಿಸಿ ಕೆತ್ತಿದರು. ಸುರುಳಿ ಸುರುಳಿಯಾಗಿ ಚೂರು ಬಿತ್ತು. ನನಗೆ ಧೈರ್ಯ ಮರಳಿತು. ಸರಳಿನ ಈ ತುದಿಗೆ ಮೈಕ್ರೋಮೀಟರ್ ಹಿಡಿದರು, ಆ ತುದಿಗೂ ಹಿಡಿದರು. ಕನ್ನಡಕ ಏರಿಸಿ ಮತ್ತೊಮ್ಮೆ ಹಿಡಿದರು. ಎರಡೂ ತುದಿಯ ದಪ್ಪದಲ್ಲಿ ಕೂದಲೆಳೆಯ ಏಳನೆಯ ಒಂದು ಪಾಲಿನಷ್ಟೂ ವ್ಯತ್ಯಾಸವಿರಲಿಲ್ಲ.

"ಟೆಂಪೋ ಹೇಳ್ರಿ," ಎಂದರು.

ನನ್ನನ್ನು ಟೆಂಪೋಕ್ಕೆ ಏರಿಸಿ ಹಗ್ಗ ಬಿಗಿಯುವಾಗ ಕೋಟಬಾಗಿ ಫಲಕವನ್ನು ಪೇಪರಿನಲ್ಲಿ ಸುತ್ತಿಕೊಂಡು ಓಡಿಬಂದರು. "ಇರ್ಲಿ ತಗೋರಿ ಅಕ್ಕಾರ. ನಾಳೆ ಮಾರೂಮುಂದ ಬೇಕಾಗ್ತೈತಿ."

"ನಾ ಇದನ್ನ ಮಾರೂದಿಲ್ರೀ," ಎಂದರು ಇಂದುಮತಿ.

ನನ್ನ ಬಗ್ಗೆ ಯಾರೂ ಅದುವರೆಗೆ ಆ ಮಾತು ಆಡಿರಲಿಲ್ಲ. ವಿರುಪಾಕ್ಷಪ್ಪನವರೂ ಆಡಿರಲಿಲ್ಲ.

ಈಗ ಧಾರವಾಡದ ಅವರ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದೇನೆ. ನನಗೆ ಜಾಗ ಬಿಟ್ಟುಕೊಟ್ಟ ಸ್ಕೂಟರು ಅಂಗಳದಲ್ಲಿ ಬಿಸಿಲಿಗೆ ನಿಂತು ನನ್ನನ್ನು ಶಪಿಸುತ್ತಿರಬೇಕು. ಇಂದುಮತಿ ಮೊದಲ ಮೂರು ಉಂಗುರ ಕೆಡಿಸಿದರು, ನಾಲ್ಕನೆಯದು ಸರಿಹೋಯಿತು. ವಯಸ್ಸಾಗಿದೆ ನಿಜ. ಆದರೆ ಬಾಯಿಗೆ ಎಣ್ಣೆ ಬೀಳುತ್ತದೆ, ಕೈಗೆ ಕೆಲಸವಿದೆ. ಬಿರುದು ಹೊತ್ತು ನಿಂತ ವರ್ಷಗಳಲ್ಲಿ ಈ ಸುಖ ಒಂದು ದಿನವೂ ಇರಲಿಲ್ಲ. ಲೇಥ್ ಹುಚ್ಚು ಹಿಡಿದವರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಸುತ್ತಲೂ ಬಗ್ಗಿ ಬಗ್ಗಿ ಹುಡುಕಿ, "ಯಾವ ಕಂಪನಿದು ಅಕ್ಕಾರ?" ಎಂದು ಕೇಳುತ್ತಾರೆ. ಇಂದುಮತಿ ತಲೆಯೆತ್ತದೆ, ಆಗಷ್ಟೇ ಕೆತ್ತಿ ಮುಗಿಸಿದ ಉಂಗುರವನ್ನು ಅವರ ಅಂಗೈಗೆ ಹಾಕುತ್ತಾರೆ. ಬಿಸಿ ತಾಗಿ ಅವರು ಈ ಕೈಯಿಂದ ಆ ಕೈಗೆ ಹಾಕಿಕೊಂಡು ಕುಣಿಯುತ್ತಾರೆ. ಆರಿದ ಮೇಲೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ. ಮತ್ತೆ ಆ ಪ್ರಶ್ನೆ ಕೇಳುವುದಿಲ್ಲ.