ಉಪ್ಪಿನ ಗಂಟು, ಕೆಂಪು ಬೆಂಡು

ನೀಲಿ ನೀರಿನ ಮೇಲೆ ತೆಂಗಿನಕಾಯಿ ಗಾತ್ರದ ಒಂದು ಕೆಂಪು ಬೆಂಡು ತೇಲುತ್ತಿತ್ತು. ಅದನ್ನು ಅಲ್ಲಿ ಕಟ್ಟಿದವನು ನಾನು. ಕಟ್ಟಿದ ದಿನ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಆಗ ನಾನು ಆ ಊರಿನ ಕಡಲಜೀವಿ ಸಂಶೋಧನಾ ಕೇಂದ್ರಕ್ಕೆ ಹೊಸಬ. ನೀರಿನಲ್ಲಿ ಮುಳುಗಿ ಜೀವಂತ ಮೀನುಗಳನ್ನು ಎಣಿಸುವುದು ನನ್ನ ಕೆಲಸ. ಊರವರು ‘ಮೀನು ಮಾಸ್ತರು’ ಎಂದು ಕರೆದು ನಗುತ್ತಿದ್ದರು. ನಗದೆ ದೋಣಿ ಹತ್ತಿಸಿಕೊಂಡವನು ಜಟ್ಟಪ್ಪ ಒಬ್ಬನೇ. ಮಳೆಗಾಲ ಕಳೆದ ಮೊದಲ ಹುಣ್ಣಿಮೆಗೆ ನೂರಾರು ಮುರು ಮೀನುಗಳು ಮೊಟ್ಟೆಯಿಡಲು ಬಂದು ಸೇರುವ ಮುಳುಗುಬಂಡೆಯೊಂದನ್ನು ಅವನು ನನಗೆ ತೋರಿಸಿದ. ಗುಡ್ಡ, ಮರ, ನದಿಬಾಯಿಗಳನ್ನು ಒಂದಕ್ಕೊಂದು ಹೊಂದಿಸಿ ಆ ಜಾಗ ಹುಡುಕುವ ವಿದ್ಯೆ ಅವನಿಗೂ ಅವನ ತಮ್ಮ ಕುಪ್ಪನಿಗೂ ಮಾತ್ರ ಗೊತ್ತಿತ್ತು. ಆ ದಿನಗಳಲ್ಲಿ ಅವರು ಅಲ್ಲಿ ಗಾಳವನ್ನೂ ಇಳಿಸುತ್ತಿರಲಿಲ್ಲ.

“ಗುರುತು ಹೇಳಿಕೊಡು” ಎಂದು ಎಷ್ಟು ಗೋಗರೆದರೂ ಜಟ್ಟಪ್ಪ ಜಗ್ಗಲಿಲ್ಲ. “ಅದು ಮನೆಯೋರ ತಲೆಯೊಳಗೆ ಇರುಕು ಮಾಸ್ತರ್ರೆ. ನೀರಿನ ಮೇಲೂ ಅಲ್ಲ, ಕಾಗದದ ಮೇಲೂ ಅಲ್ಲ.”

ನನಗೋ ಲೆಕ್ಕದ ಹುಚ್ಚು. ಅವನಿಗೆ ಬಿಡುವಾಗಲಿ ಎಂದು ಕಾಯುತ್ತ ಕೂತರೆ ಎಣಿಕೆ ಹಳ್ಳ ಹಿಡಿಯುತ್ತದೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಹುಣ್ಣಿಮೆಗೆ ಮೂರು ದಿನವಿರುವಾಗ ಬೆಂಡು, ಹಗ್ಗ ಮತ್ತು ಕಲ್ಲುಪ್ಪಿನ ಗಂಟೊಂದನ್ನು ಚೀಲದಲ್ಲಿ ಹಾಕಿಕೊಂಡು ಅವನ ದೋಣಿ ಹತ್ತಿದೆ. ಗಂಟು ಯಾಕೆಂದು ಅವನು ಕೇಳಿದ್ದಕ್ಕೆ, ಮುಳುಗಲು ಭಾರ ಎಂದೆ. ಕೆಳಗೆ ಹಗ್ಗವನ್ನು ಬಂಡೆಗೆ ಕಟ್ಟಿ, ಬೆಂಡು ಕೂಡಲೇ ಮೇಲೇಳದಂತೆ ಅದಕ್ಕೆ ಉಪ್ಪಿನ ಗಂಟು ಬಿಗಿದು ಬಂದೆ. ನಾವು ದಡ ಸೇರಿದ ಮೇಲೆ ಉಪ್ಪು ಕರಗಿತು, ಬೆಂಡು ಮೇಲೆದ್ದಿತು.

ಹುಣ್ಣಿಮೆಯ ದಿನ ಬೆಳಿಗ್ಗೆ ಕಡಲಿನಿಂದ ಮೂರು ಸದ್ದು ಕೇಳಿಬಂತು. ದಡದಲ್ಲಿದ್ದ ಜಟ್ಟಪ್ಪ ದಿಗ್ಗನೆ ಎದ್ದ. “ತೋಟೆ!” ಎಂದವನೇ ದೋಣಿ ನೂಕಿದ. ನಾನೂ ಹಾರಿ ಕುಳಿತೆ.

ಸಿಡಿಮದ್ದು ಹಾಕಿದವರು ದೊಡ್ಡ ಮೀನುಗಳನ್ನು ಬಾಚಿಕೊಂಡು ಹೋಗಿಯಾಗಿತ್ತು. ಉಳಿದವು ಹೊಟ್ಟೆ ಒಡೆದು, ಕಣ್ಣು ಹೊರಚಾಚಿ ತೇಲುತ್ತಿದ್ದವು. ಕೆಲವು ಇನ್ನೂ ಬಾಯಿ ಬಿಡುತ್ತಿದ್ದವು. ಹರಿದ ಹೊಟ್ಟೆಗಳಿಂದ ಮೊಟ್ಟೆ ಸೋರಿ ನೀರೆಲ್ಲ ಗಂಜಿಯ ಹಾಗೆ ಮಂದವಾಗಿತ್ತು. “ಬಸ್ರಿ ಹೊಟ್ಟೆಗೆ ತೋಟೆ ಹಾಕಿದ್ರಲ್ಲಾ, ಹಾಳಾದವ್ರು!” ಎಂದು ಜಟ್ಟಪ್ಪ ಗೋಳಾಡಿದ. ಆ ಹೆಣಗಳ ನಡುವೆ ತೋಟೆಯವರಿಗೆ ಜಾಗ ತೋರಿಸಿಕೊಟ್ಟ ನನ್ನ ಬೆಂಡು ಹಗ್ಗ ಹರಿದು ದೋಣಿಯ ಮಗ್ಗುಲಿಗೆ ತೇಲಿಬಂತು. ಅವನು ಬೆನ್ನು ತಿರುಗಿಸಿದ್ದ. ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡೆ. ನನ್ನ ಜನ್ಮದಲ್ಲಿ ಅದಕ್ಕಿಂತ ಹೇಸಿಗೆಯ ಕೆಲಸ ಮಾಡಿಲ್ಲ.

ದಡದಲ್ಲಿ ಕುಪ್ಪ ಬಲೆ ಹೊಲಿಯುತ್ತ ಕುಳಿತಿದ್ದ. ಜಟ್ಟಪ್ಪ ಹುಟ್ಟನ್ನು ಕೈಯಲ್ಲೇ ಹಿಡಿದು ಇಳಿದ.

“ಗುರುತು ಮಾರ್ಕಂಡ್ಯಾ? ಉಂಡ ಮನೆಗೇ ಎರಡು ಬಗೆದ್ಯಾ?”

“ಇಲ್ಲಾ ಅಣ್ಣಾ, ಅಬ್ಬೆ ಆಣೆ—”

ಮೊದಲ ಏಟು ಬಾಯಿಗೇ ಬಿತ್ತು. ಹಲ್ಲುಗಳು ಮರಳಿಗೆ ಉದುರಿದವು. ಎದ್ದು ಓಡಲು ಹೋದವನ ಮೊಣಕಾಲಿಗೆ ಎರಡನೆಯದು. ಬಿಡಿಸಲು ಬಂದ ಇಬ್ಬರನ್ನು ಜಟ್ಟಪ್ಪ ಒದ್ದು ಕೆಡವಿದ. ಕುಪ್ಪ ತಿರುಗಿ ಒಂದು ಏಟನ್ನೂ ಹೊಡೆಯಲಿಲ್ಲ. ಅಣ್ಣನ ಕಾಲು ಹಿಡಿದುಕೊಂಡಿದ್ದ. ನಾನು ಚೀಲ ಅಪ್ಪಿಕೊಂಡು ನಿಂತಿದ್ದೆ. ಒಟ್ಟು ಏಳು ಏಟು. ಎಣಿಸುವುದು ನನ್ನ ಕಸುಬಲ್ಲವೇ, ಅದನ್ನೂ ಎಣಿಸಿದ್ದೇನೆ. ಆರನೆಯದಕ್ಕೆ ಅವನ ಎಡಗಣ್ಣು ಹೋಯಿತು. ಏಳನೆಯದಾದ ಮೇಲೆ ನಾನು ಬಾಯಿ ಬಿಟ್ಟೆ.

“ಅವನಲ್ಲ, ನಾನು!” ಎಂದು ಅರಚಿ ಬೆಂಡನ್ನು ಮರಳಿನ ಮೇಲೆ ಎಸೆದೆ.

ಜಟ್ಟಪ್ಪ ಬೆಂಡನ್ನು ನೋಡಿದ, ಅದರ ಹಗ್ಗದಲ್ಲಿ ಇನ್ನೂ ನೇತಾಡುತ್ತಿದ್ದ ಉಪ್ಪಿನ ಗಂಟಿನ ಬಟ್ಟೆಯನ್ನು ನೋಡಿದ. ಮರುಗಳಿಗೆ ಹುಟ್ಟು ನನ್ನ ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಆ ಏಟಿನ ಬಗ್ಗೆ ನನಗೆ ದೂರಿಲ್ಲ. ಆಮೇಲೆ ಅವನು ಹುಟ್ಟು ಬಿಸಾಡಿ, ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎದೆ ಬಡಿದುಕೊಳ್ಳತೊಡಗಿದ. ರಕ್ತದ ಬಾಯಲ್ಲೇ ಕುಪ್ಪ ನನ್ನತ್ತ ಹೊರಳಿದ.

“ಮೊದ್ಲೇ ಹೇಳ್ಬಹುದಿತ್ತಲ್ಲ, ಮಾಸ್ತರ್ರೆ.”

ಜಟ್ಟಪ್ಪ ಮತ್ತೆ ಕಡಲಿಗಿಳಿಯಲಿಲ್ಲ, ನನ್ನೊಡನೆ ಮಾತೂ ಆಡಲಿಲ್ಲ. ಮರುವರ್ಷದ ಹುಣ್ಣಿಮೆಗೆ ನನ್ನ ಬಾಗಿಲಿಗೆ ಬಂದವನು ಕುಪ್ಪ.

“ಎಣ್ಸುಕೆ ಬನ್ನಿ.”

“ನನ್ನನ್ನೇ ಕರೆಯುತ್ತೀಯಾ?”

“ಮತ್ತ್ಯಾರನ್ನ? ಉಳಿದದ್ದು ಎಷ್ಟು ಅಂತ ನಮ್ಗೆ ಗೊತ್ತಾಗುದು ಬ್ಯಾಡ್ದಾ?”

ನದಿಬಾಯಿ ದಾಟಿದ ಕೂಡಲೇ ಅವನು ಹುಟ್ಟು ನಿಲ್ಲಿಸಿ, ಇದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದ.

“ಕಣ್ಣು ಮುಚ್ಕಣಿ. ನಾ ಹೇಳುವರೆಗೆ ತೆಗಿಬೇಡಿ.”

ಮುಚ್ಚಿಕೊಂಡೆ. ಅವತ್ತು ಬಂಡೆಯ ಸುತ್ತ ಹನ್ನೊಂದು ಮೀನುಗಳಿದ್ದವು. ಅಲ್ಲಿಂದೀಚೆಗೆ ಪ್ರತಿ ವರ್ಷವೂ ನಾನು ಹಾಗೆಯೇ ಹೋಗಿ ಬಂದಿದ್ದೇನೆ. ಹುಟ್ಟು ನೀರಿಗೆ ಬೀಳುವ ಸದ್ದು ಕೇಳುತ್ತಿರುತ್ತದೆ, ಬಿಸಿಲು ಮುಖಕ್ಕೆ ಹೊಡೆಯುತ್ತಿರುತ್ತದೆ. ಮುಚ್ಚಿದ ರೆಪ್ಪೆಗಳ ಒಳಗೆ, ದಾರಿಯುದ್ದಕ್ಕೂ, ಬರೀ ಕೆಂಪು.