ಕೆಂಪೆಲೆಯ ಔಷಧಿ

ಗಡಿಯಾರ ರಿಪೇರಿಯವನಿಗೆ ಮನೆಯ ಹಿಂದಿನ ನಾಲ್ಕು ಸಾಲು ಲೆಟಿಸ್ ಸೊಪ್ಪು ಎಂದರೆ ಪ್ರಾಣ. ಗುಂಗುರು ಎಲೆಯದೊಂದು, ಬೆಣ್ಣೆಯಂತೆ ಮೆತ್ತಗಿನದೊಂದು, ನೆಟ್ಟಗೆ ನಿಲ್ಲುವುದೊಂದು, ಕೆಂಪೆಲೆಯದೊಂದು. ಹೆಂಡತಿಗೆ ಏಳು ತಿಂಗಳು. ರಕ್ತ ಕಡಿಮೆ, ಸೊಪ್ಪು ತಿನ್ನಿ ಎಂದು ಡಾಕ್ಟರು ಹೇಳಿದ ಮೇಲಂತೂ ಅವನ ತೋಟಗಾರಿಕೆಗೆ ಕೊಂಬು ಬಂದಿತ್ತು. ಮಗಳ ಆರೈಕೆಗೆಂದು ಬಂದಿದ್ದ ಅತ್ತೆ ಮಾತ್ರ, ಹಸಿ ಎಲೆ ಮೇಯೋಕೆ ನನ್ನ ಮಗಳೇನು ಮೇಕೆಯಾ ಎಂದು ಗೊಣಗುತ್ತಿದ್ದರು. ಅತ್ತೆ ಅಳಿಯನ ನಡುವೆ ಮಾತು ಅಷ್ಟಕ್ಕಷ್ಟೇ.

ಅವತ್ತು ಬೆಳಿಗ್ಗೆ ಕೆಂಪು ಸಾಲಿಗೆ ಗಿಡಹೇನು ಹತ್ತಿದ್ದು ಕಂಡು ಅವನ ಪಿತ್ತ ನೆತ್ತಿಗೇರಿತು. ವಿಷದ ಬಾಟಲಿ ತೆಗೆದು ನೀರಿಗೆ ಸುರಿದು ಹೊಡೆದೇಬಿಟ್ಟ. ಅಳತೆಯ ಮುಚ್ಚಳ ಸಿಗಲಿಲ್ಲ. ಗಡಿಯಾರದ ಮುಳ್ಳು ಕೂದಲೆಳೆಯಷ್ಟು ಸರಿದರೂ ಸಹಿಸದ ಮನುಷ್ಯ ಅಂದಾಜಿನ ಮೇಲೆ ಸುರಿದಿದ್ದ. ಬೀಜದಂಗಡಿಯವನು ಅದನ್ನು ವಿಷ ಎನ್ನುತ್ತಿರಲಿಲ್ಲ, ಔಷಧಿ ಎನ್ನುತ್ತಿದ್ದ. ಇವನ ಬಾಯಿಗೂ ಅದೇ ಮಾತು ಹತ್ತಿತ್ತು.

ಬೈಕ್ ಸ್ಟಾರ್ಟ್ ಮಾಡುತ್ತಲೇ, ಬಾಗಿಲಲ್ಲಿದ್ದ ಅತ್ತೆಗೆ ಕೂಗಿದ. "ಅತ್ತೆ, ಕೆಂಪೆಲೆಗೆ ಔಷಧಿ ಹೊಡೆದಿದೀನಿ, ಮುಟ್ಟಬೇಡಿ!"

ಅತ್ತೆ ತಲೆಯಾಡಿಸಿದರು.

ಮಧ್ಯಾಹ್ನ ಅಂಗಡಿಗೆ ಅವರದೇ ಫೋನ್ ಬಂತು. ಬಂದು ಮೂರು ತಿಂಗಳಾದರೂ ಒಮ್ಮೆಯೂ ಮಾಡಿದವರಲ್ಲ.

"ನೋಡಿ, ನಾನೇ ಸೋತೆ. ನೀವು ಹೇಳಿದ ಹಾಗೇ ಒಂದು ಬಟ್ಟಲು ಕೆಂಪೆಲೆ ಕಿತ್ತು ಅವಳಿಗೆ ಕೊಟ್ಟೆ."

"ನಾನೇನು ಹೇಳಿದೆ?"

"ಕೆಂಪೆಲೆ ಔಷಧಿ ಅಂದ್ರಲ್ಲ! ಬೈಕಿನ ಸದ್ದಲ್ಲಿ ಮಿಕ್ಕಿದ್ದು ಕೇಳಿಸ್ಲಿಲ್ಲ. ರಕ್ತಕ್ಕೆ ಇರಬೇಕು ಅಂತ ನಾನೇ ತಿಳ್ಕೊಂಡೆ. ಅಯ್ಯೋ, ಹಾಲು ಉಕ್ತಾ ಇದೆ, ಇಡ್ತೀನಿ."

ಕೈಯಲ್ಲಿದ್ದ ಚಿಮುಟ ಜಾರಿ ಬಿತ್ತು. ತಿರುಗಿ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅಂಗಡಿ ತೆರೆದಿದ್ದ ಹಾಗೇ ಬಿಟ್ಟು ಬೈಕ್ ಹತ್ತಿದ. ದಾರಿಯಲ್ಲಿ ಮೊದಲು ಅತ್ತೆಯನ್ನು ಬಾಯಿಗೆ ಬಂದಂತೆ ಬೈದ. ಎರಡನೇ ತಿರುವಿನ ಹೊತ್ತಿಗೆ, ಬೈಸಿಕೊಳ್ಳಬೇಕಾದವನು ತಾನೇ ಎಂದು ಹೊಳೆಯಿತು. ಹುಟ್ಟದ ಮಗುವಿನ ಮುಂದೆ ಏನೆಂದು ನಿಲ್ಲುವುದು?

ಹೆಂಡತಿ ಕೋಣೆಯಲ್ಲಿ ಮಲಗಿದ್ದಳು. ಭುಜ ಹಿಡಿದು ಅಲುಗಾಡಿಸಿದ. "ತಿಂದ್ಯಾ? ಆ ಎಲೆ ತಿಂದ್ಯಾ?"

"ಶ್, ಮೆಲ್ಲಗೆ. ಒಂದು ಚೂರೂ ಬಾಯಿಗಿಟ್ಟಿಲ್ಲ, ಏನೋ ಕೆಟ್ಟ ವಾಸನೆ. ಅರ್ಧದಷ್ಟು ಕಿಟಕಿಯಿಂದ ಆಚೆ ಎಸೆದೆ. ತಿಂದೆ, ಇನ್ನು ಸಾಕು ಅಂತ ಅಮ್ಮನಿಗೆ ಸುಳ್ಳು ಹೇಳ್ದೆ. ಪಾಪ, ಅಷ್ಟು ಆಸೆಯಿಂದ ತಂದಿದ್ರು."

ಹೋದ ಜೀವ ಬಂದಂತಾಗಿ ಅವನು ಮಗುವಿನ ಹಾಗೆ ಅತ್ತ. ಆಮೇಲೆ ತಟ್ಟನೆ ತಲೆಯೆತ್ತಿದ.

"ಇನ್ನರ್ಧ?"

"ಅಮ್ಮ ತಗೊಂಡು ಹೋದ್ರು."

ಅಡುಗೆಮನೆಯಲ್ಲಿ ಅತ್ತೆ ಗೋಡೆಗೊರಗಿ ಕೂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು. ಬಟ್ಟಲು ಖಾಲಿ.

"ಔಷಧಿ ಚೆಲ್ಲೋಕೆ ಮನಸ್ಸು ಬರ್ಲಿಲ್ಲ, ನಾನೇ ತಿಂದೆ," ಎಂದರು. "ಸ್ವಲ್ಪ ತಲೆ ಸುತ್ತು, ಅಷ್ಟೇ. ಅಭ್ಯಾಸ ಇಲ್ಲವಲ್ಲ."

ಪಕ್ಕದ ಮನೆಯವರು ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಒರಗಿಸಿಕೊಂಡು ಅವನು ಎಲ್ಲವನ್ನೂ ಹೇಳಿದ. ಒಂದು ಕೈಯಲ್ಲಿ ಡಾಕ್ಟರಿಗೆ ತೋರಿಸಲು ವಿಷದ ಬಾಟಲಿ ಇತ್ತು. "ತಪ್ಪು ನಂದೇ ಅತ್ತೆ."

ಅವರು ತಮ್ಮ ಬಗ್ಗೆ ಕೇಳಲಿಲ್ಲ, ಮಗಳ ಬಗ್ಗೆ ಕೇಳಿದರು. "ಅವಳು?"

"ತಿಂದೇ ಇಲ್ಲ. ತಿಂದೆ ಅಂತ ನಿಮ್ಮ ಹತ್ರ ಸುಳ್ಳು ಹೇಳಿದ್ದಾಳೆ."

ಅತ್ತೆ ಕಣ್ಣು ಮುಚ್ಚಿದರು. ತಣ್ಣಗಿದ್ದ ಬೆರಳುಗಳು ಅವನ ಮುಂಗೈಯನ್ನು ಬಿಗಿಯಾಗಿ ಹಿಡಿದವು. ಮುಂದಿನ ತಿರುವಿನಲ್ಲಿ ಆಸ್ಪತ್ರೆಯ ಬೋರ್ಡು ಕಾಣಿಸಿತು.

"ಚಿಕ್ಕವಳಿದ್ದಾಗ ಸುಳ್ಳು ಹೇಳ್ತಾಳೆ ಅಂತ ಎಷ್ಟು ಹೊಡೆದಿದೀನಿ ಗೊತ್ತಾ," ಎಂದರು. "ಪುಣ್ಯಕ್ಕೆ, ಬುದ್ಧಿ ಕಲೀಲಿಲ್ಲ."